ರೀಫಂಡ್ ವಿಷಯದಲ್ಲಿ ಯಾರು ನೇರ: ದೊಡ್ಡ ಆ್ಯಪ್, ಕಂಪನಿ ಸೈಟ್, ಇಳಕಲ್ಲಿನ ಅಕ್ಕ

ಆನ್‌ಲೈನಲ್ಲಿ ಯಾವುದು ಎಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಲೆಕ್ಕ ಇಟ್ಟದ್ದು ಬೇರೆ. ಸಾಮಾನು ತಡವಾದಾಗ ಅಥವಾ ಹಾಳಾಗಿ ಬಂದಾಗ ಯಾರು ನಿಜ ಹೇಳುತ್ತಾರೆ, ಯಾರು ಸುಮ್ನೆ ದಿನ ದೂಡುತ್ತಾರೆ ಅಂತ. ನಮ್ಮ ಮನೆ ಸುರತ್ಕಲ್‌ನಲ್ಲಿ. ಮೂರು ಕಡೆಯಿಂದ ತರಿಸುತ್ತೇನೆ: ಎಲ್ಲರ ಮೊಬೈಲಲ್ಲೂ ಇರುವಂಥ ಒಂದು ದೊಡ್ಡ ಆ್ಯಪ್, ಮಿಕ್ಸಿ ಕಂಪನಿಯೊಂದರ ಸ್ವಂತ ವೆಬ್‌ಸೈಟ್, ಮತ್ತೆ ವಾಟ್ಸ್‌ಆ್ಯಪಿನಲ್ಲಿ ಸೀರೆ ಮಾರುವ ಇಳಕಲ್ಲಿನ ಒಬ್ಬರು ಅಕ್ಕ.

ದುಡ್ಡು ವಾಪಸ್ ಬರುವ ವೇಗ ಮಾತ್ರ ನೋಡಿದರೆ ಆ್ಯಪೇ ಮುಂದೆ. ಎರಡು ಮಾತಿಲ್ಲ. ವಾಪಸ್ ಒಯ್ಯಲು ಬಂದ ಹುಡುಗ ಗೇಟು ದಾಟುವ ಮೊದಲೇ ‘ರೀಫಂಡ್ ಶುರುವಾಗಿದೆ’ ಅಂತ ಮೆಸೇಜು ಬಂದದ್ದುಂಟು. ಆದರೆ ಅಲ್ಲಿ ಒಂದು ಕಡೆ ಕಣ್ಣಿಡಬೇಕು. ದುಡ್ಡು ಎಲ್ಲಿಗೆ ಬೇಕು ಅಂತ ಕೇಳುವಾಗ, ಅವರದೇ ವ್ಯಾಲೆಟ್ಟಿಗೆ ಹಾಕುವ ಬಟನ್ನು ದೊಡ್ಡದಾಗಿ, ಬಣ್ಣ ಬಳಿದುಕೊಂಡು ಕೂತಿರುತ್ತದೆ. ‘ಪಾವತಿ ಮಾಡಿದ ಖಾತೆಗೆ’ ಅನ್ನುವುದು ಕೆಳಗೆ ಸಣ್ಣಕ್ಷರದಲ್ಲಿ. ವ್ಯಾಲೆಟ್ಟಿಗೆ ಹೋದ ದುಡ್ಡು ಅವರ ಅಂಗಡಿಯಲ್ಲೇ ಖರ್ಚಾಗಬೇಕು, ಅಲ್ವಾ? ನಾನಂತೂ ನಾಲ್ಕು ದಿನ ಜಾಸ್ತಿ ಹಿಡಿದರೂ ಬ್ಯಾಂಕಿಗೇ ಹಾಕಿಸುವುದು.

ತಡದ ವಿಷಯಕ್ಕೆ ಬಂದರೆ ಇದೇ ಆ್ಯಪಿನ ಬಣ್ಣ ಬಯಲಾಗುತ್ತದೆ. 2024ರ ಜುಲೈ ನೆನಪುಂಟಲ್ಲ? ಅತ್ತ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು, ಇತ್ತ ಸಕಲೇಶಪುರದ ದೊಡ್ಡತಪ್ಪಲಿನಲ್ಲಿ ಕುಸಿದು ಶಿರಾಡಿ ಘಾಟಿ ಬಂದ್. ಆ ಹೊತ್ತಿನಲ್ಲಿ ಮಗನಿಗೆ ರೈನ್‌ಕೋಟ್ ಬುಕ್ ಮಾಡಿದ್ದೆ. ಬೆಂಗಳೂರಿನಿಂದ ಲಾರಿ ಇಳಿಯುವುದೇ ಕಷ್ಟ ಅಂತ ಇಲ್ಲಿನ ಮಕ್ಕಳಿಗೂ ಗೊತ್ತು. ತಡ ಆಗುತ್ತದೆ ಅಂತ ಒಂದು ಸಾಲು ಹಾಕಿದ್ದರೆ ಯಾರೂ ಬೇಸರ ಮಾಡುತ್ತಿರಲಿಲ್ಲ. ಆದರೆ ಡಿಸಿ ರಜೆ ಕೊಟ್ಟು ಮನೆಯವರೆಲ್ಲ ಚಾವಡಿಯಲ್ಲಿ ಕೂತಿದ್ದ ದಿನ ಫೋನಿಗೆ ಬಂದ ಮೆಸೇಜು ಹೀಗಿತ್ತು: ‘ಡೆಲಿವರಿಗೆ ಪ್ರಯತ್ನಿಸಿದೆವು, ಗ್ರಾಹಕರು ಸಿಗಲಿಲ್ಲ.’ ಫೋನಿನಲ್ಲಿ ಒಂದು ಮಿಸ್ಡ್ ಕಾಲೂ ಇಲ್ಲ. ಮರುದಿನವೂ ಅದೇ ಪಾಠ.

ನಮ್ಮ ಕಡೆಗೆ ಬರುವ ಹುಡುಗನನ್ನು ಆಮೇಲೆ ಕೇಳಿದೆ. ‘ಎಂತ ಮಾಡುದು ಅಕ್ಕ, ಗಾಡಿಯೇ ಬರ್ಲಿಲ್ಲ. ನಮ್ಮ ಆ್ಯಪಿನಲ್ಲಿ ಏನಾದ್ರೂ ಒಂದು ಕಾರಣ ಒತ್ತದಿದ್ರೆ ಅದು ಮುಂದೆ ಹೋಗುದಿಲ್ಲ’ ಅಂದ. ಪಾಪ, ಅವನ ತಪ್ಪು ಅಂತ ಹೇಳಲಾರೆ. ರಸ್ತೆ ಬಂದ್ ಅನ್ನುವ ಕಾರಣ ಆ ಪಟ್ಟಿಯಲ್ಲೇ ಇಲ್ಲದಿದ್ದರೆ ಅವನಾದರೂ ಏನು ಒತ್ತಬೇಕು?

ಈ ಸುಳ್ಳಿನಿಂದ ಬರೀ ಸಿಟ್ಟು ಬರುವುದಲ್ಲ, ನಷ್ಟವೂ ಉಂಟು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಹೇಳಿದ ದಿನಕ್ಕೆ ಸಾಮಾನು ತಲುಪದೆ ತಡವಾಗಿ ಬಂದರೆ ಮಾರುವವರು ಅದನ್ನು ವಾಪಸ್ ತಗೊಳ್ಳಲು, ದುಡ್ಡು ಕೊಡಲು ಒಲ್ಲೆ ಅನ್ನುವಂತಿಲ್ಲ. ಗುಡ್ಡ ಕುಸಿತದಂಥ, ಯಾರ ಕೈಯಲ್ಲೂ ಇಲ್ಲದ ಕಾರಣ ಇದ್ದರೆ ಮಾತ್ರ ಅವರಿಗೆ ವಿನಾಯಿತಿ. ಅಂದರೆ ಆ ಜುಲೈಯಲ್ಲಿ ನಿಜ ಹೇಳಿದ್ದರೆ ಕಾನೂನು ಅವರ ಪರವಾಗಿಯೇ ಇತ್ತು. ‘ಗ್ರಾಹಕರು ಸಿಗಲಿಲ್ಲ’ ಅಂತ ಬರೆದ ಕೂಡಲೇ ತಪ್ಪು ನಮ್ಮ ತಲೆಗೆ ಬಂತು. ಅದಕ್ಕೇ ಈಗ ಇಂಥ ಮೆಸೇಜು ಬಂದರೆ ಅದರದ್ದೂ ಕಾಲ್ ಪಟ್ಟಿಯದ್ದೂ ಸ್ಕ್ರೀನ್‌ಶಾಟ್ ತೆಗೆದು ಅದೇ ದಿನ ಚಾಟಿನಲ್ಲಿ ಹಾಕುತ್ತೇನೆ.

ಕಡೆಗೆ ಆರ್ಡರ್ ತಾನಾಗಿ ಕ್ಯಾನ್ಸಲ್ ಆಯಿತು, ದುಡ್ಡೂ ಬಂತು. ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಬೇರೆ ರೈನ್‌ಕೋಟ್ ತಂದೆವು. ಆಮೇಲೊಂದು ದಿನ ಹಳೇ ಪಾರ್ಸೆಲ್ಲು ಗೇಟಿಗೆ ಬಂತು! ‘ಕ್ಯಾನ್ಸಲ್ ಆಗಿದೆ, ವಾಪಸ್ ಒಯ್ಯಿ’ ಅಂದೆ. ಪಕ್ಕದ ಮನೆಯವರು ‘ಸುಮ್ನೆ ಇಟ್ಕೊಳ್ಳಿ ಮಾರಾಯ್ರೆ, ಅವರಿಗೇನು ಕಡಿಮೆ’ ಅಂದರು. ಆ್ಯಪಿಗೆ ಕಡಿಮೆ ಆಗದೇ ಇರಬಹುದು. ಅದರೊಳಗೆ ಅಂಗಡಿ ಇಟ್ಟಿರುವ ಯಾವನೋ ಸಣ್ಣ ವ್ಯಾಪಾರಿಗೆ ಆಗುತ್ತದೆ.

ಕಂಪನಿ ಸೈಟಿನದ್ದು ಬೇರೆ ಕಥೆ. ಚಟ್ನಿ ಜಾರು ತರಿಸಿದ್ದೆ, ಅಡಿಯ ಕಪ್ಲರ್ ಮುರಿದೇ ಬಂದಿತ್ತು. ಫೋಟೊ ಕಳಿಸಿದೆ, ತಕರಾರಿಲ್ಲದೆ ಒಪ್ಪಿದರು, ಜಾರನ್ನೂ ಒಯ್ದರು. ತಡವಾಗುತ್ತದೆ ಅಂದ ಕಡೆ ತಡವಾಗಿದೆ, ಸುಳ್ಳು ಡೆಲಿವರಿಯ ನಾಟಕ ಇಲ್ಲ. ಆದರೆ ದುಡ್ಡು? ‘ನಮ್ಮ ಕಡೆಯಿಂದ ಹೋಗಿದೆ, ನಿಮ್ಮ ಬ್ಯಾಂಕಲ್ಲಿ ಕೇಳಿ’ ಅಂತ ಒಂದೇ ರಾಗ. ಬ್ಯಾಂಕಿನವರು ಏನೂ ಬಂದಿಲ್ಲ ಅಂದರು.

ಇಂಥ ಹೊತ್ತಿಗೆ ಕೇಳಬೇಕಾದ್ದು ಒಂದೇ: ರೆಫರೆನ್ಸ್ ನಂಬರ್. ಯುಪಿಐ ಆದರೆ 12 ಅಂಕಿಯ ಆರ್‌ಆರ್‌ಎನ್, ಕಾರ್ಡ್ ಆದರೆ 23 ಅಂಕಿಯ ಎಆರ್‌ಎನ್. ದುಡ್ಡು ನಿಜವಾಗಿ ಹೊರಟಿದ್ದರೆ ಆ ನಂಬರು ಇದ್ದೇ ಇರುತ್ತದೆ. ಕೇಳಿದೆ. ಆ ಕಡೆಯ ಹುಡುಗಿ ‘ಚೆಕ್ ಮಾಡಿ ಹೇಳ್ತೇನೆ ಮೇಡಂ’ ಅಂದವಳು ಮತ್ತೆ ಸದ್ದಿಲ್ಲ. ಸೈಟಿನ ತೀರಾ ಕೆಳಗೆ ಕುಂದುಕೊರತೆ ಅಧಿಕಾರಿಯ ಹೆಸರು, ಇಮೇಲ್ ಇರುತ್ತದಲ್ಲ, ಅಲ್ಲಿಗೆ ಬರೆದೆ. ದೂರು ಬಂದಿದೆ ಅಂತ ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಹಾಗಂತ ನಿಯಮವೇ ಉಂಟು. ಉತ್ತರ ಬಂತು, ಅದರ ಬೆನ್ನಿಗೇ ನಂಬರೂ ಬಂತು, ದುಡ್ಡೂ ಬಂತು. ಹಿಂದೆ ‘ಹೋಗಿದೆ’ ಅಂದಾಗ ಅದು ಅವರ ಆಫೀಸಿನಿಂದ ಹೊರಟೇ ಇರಲಿಲ್ಲ ಅಂತ ಆ ನಂಬರಿನ ಪಕ್ಕದ ತಾರೀಕು ನೋಡಿದರೆ ಗೊತ್ತಾಗುತ್ತಿತ್ತು.

ಇನ್ನು ಇಳಕಲ್ಲಿನ ಅಕ್ಕ. ಉಡುಪಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆ, ಅದಕ್ಕೆ ಸೀರೆ ಹೇಳಿದ್ದೆ, ದುಡ್ಡೂ ಪೂರ್ತಿ ಕೊಟ್ಟಾಗಿತ್ತು. ನಾನು ಕೇಳುವ ಮೊದಲೇ ಅವರ ವಾಯ್ಸ್ ಮೆಸೇಜು ಬಂತು. ‘ಅಕ್ಕಾರ, ಸುಳ್ಳ ಹೇಳಂಗಿಲ್ರಿ. ಸೀರಿ ಇನ್ನೂ ಮಗ್ಗದ ಮ್ಯಾಲ ಐತಿ. ಮದುವಿಗೆ ಮುಟ್ಟಂಗಿಲ್ಲ. ರೊಕ್ಕ ವಾಪಸ್ ಹಾಕ್ಲೇನ್ರಿ, ಇಲ್ಲಾ ಕಾಯ್ತೀರೇನ್ರಿ?’ ಜೊತೆಗೆ ಮಗ್ಗದ ಫೋಟೊ. ಒಡಲು ಅರ್ಧ ಆಗಿದೆ, ಕೆಂಪು ಸೆರಗು ಇನ್ನೂ ಶುರುವೇ ಆಗಿಲ್ಲ. ಇಳಕಲ್ ಸೀರೆಯಲ್ಲಿ ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಅವಸರ ಮಾಡಿ ಆಗುವ ಕೆಲಸ ಅಲ್ಲ ಅದು. ವಾಪಸ್ ಹಾಕಿ ಅಂದೆ, ಚಾ ಕುಡಿದು ಮುಗಿಸುವುದರೊಳಗೆ ಪೂರ್ತಿ ದುಡ್ಡು ಬಂತು. ಮದುವೆ ಕಳೆದ ಮೇಲೆ ಅದೇ ಸೀರೆಯನ್ನು ಮತ್ತೆ ಕೊಂಡೆ.

ಹಾಗಂತ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಅಂಗಡಿಗಳೆಲ್ಲ ಹೀಗೇ ಅಂದುಕೊಳ್ಳಬೇಡಿ. ಇನ್ನೊಂದು ಪೇಜಿನಿಂದ ತರಿಸಿದ ಚೂಡಿದಾರ್ ಬಟ್ಟೆ ಹರಿದು ಬಂದಿತ್ತು. ಪೊಟ್ಟಣ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ಆಗುವುದಿಲ್ಲ ಅಂದರು. ವಿಡಿಯೊ ಕಳಿಸಿದೆ. ಬ್ಲಾಕ್ ಮಾಡಿದರು! ‘ನೋ ರಿಟರ್ನ್’ ಅಂತ ಬೋರ್ಡು ಹಾಕಿಕೊಂಡ ಮಾತ್ರಕ್ಕೆ ಹಾಳಾದ ಮಾಲಿನ ದುಡ್ಡು ಕೊಡದೇ ಇರಲು ಬರುವುದಿಲ್ಲ, ಸರಿ. ಆದರೆ ವಿಳಾಸವೇ ಇಲ್ಲದವರನ್ನು ಎಲ್ಲಿ ಹುಡುಕುವುದು? ಈಗ ಹೊಸಬರ ಹತ್ತಿರ ದುಡ್ಡು ಹಾಕುವ ಮೊದಲೇ ಕೇಳುತ್ತೇನೆ: ಅಂಗಡಿ ಎಲ್ಲಿ, ಹಾಳಾಗಿ ಬಂದರೆ ಏನು ಮಾಡುತ್ತೀರಿ. ಉತ್ತರ ಹಾರಿಕೆಯದ್ದಾದರೆ ಅಲ್ಲಿಗೆ ಬಿಟ್ಟೆ. ಮತ್ತೆ, ರೀಫಂಡ್ ಕೊಡುತ್ತೇವೆ ಅಂತ ಕ್ಯೂಆರ್ ಸ್ಕ್ಯಾನ್ ಮಾಡಿಸಿ ಪಿನ್ ಒತ್ತಲು ಹೇಳಿದರೆ ಅದು ಪಕ್ಕಾ ಮೋಸ. ನಮಗೆ ದುಡ್ಡು ಬರಲು ನಮ್ಮ ಪಿನ್ ಬೇಕಾಗುವುದೇ ಇಲ್ಲ. ದುಡ್ಡು ಹೋಗಿಯೇ ಬಿಟ್ಟರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊಳ್ಳುವ ನಮ್ಮ ಕಡೆಯದ್ದೂ ಒಂದು ಹೇಳಿಬಿಡುತ್ತೇನೆ. ಮೆಹಂದಿಗೆ ಉಟ್ಟು, ಸ್ಟೇಟಸ್ ಹಾಕಿ, ಮರುದಿನ ‘ಬಟ್ಟೆ ಹಾಳಾಗಿದೆ’ ಅಂತ ವಾಪಸ್ ಕಳಿಸುವವರು ನಮ್ಮ ಪೈಕಿಯಲ್ಲೇ ಇದ್ದಾರೆ. ಮನಸ್ಸಿಗೆ ಹಿಡಿಸಲಿಲ್ಲ ಅನ್ನುವ ಕಾರಣವೂ ಪಟ್ಟಿಯಲ್ಲಿ ಇರುತ್ತದೆ, ಅದನ್ನು ಒತ್ತಿದರೆ ಗಂಟೇನು ಹೋಗುವುದು? ವಿಡಿಯೊ ಕಡ್ಡಾಯ, ರಿಟರ್ನ್ ಇಲ್ಲ ಅನ್ನುವ ಕಟ್ಟುಪಾಡುಗಳು ಹುಟ್ಟುವುದರಲ್ಲಿ ಇಂಥವರದ್ದೂ ಪಾಲುಂಟು.

ಈಗ ನಾನು ಮಾಡುವುದು ಇಷ್ಟೇ. ಚಾರ್ಜರ್, ಇಯರ್‌ಫೋನ್‌ನಂಥ ಕೈಕೊಡುವ ಸಾಮಾನು ಆ್ಯಪಿನಿಂದ. ಮಿಕ್ಸಿ, ಕುಕ್ಕರಿನ ಬಿಡಿಭಾಗ ಕಂಪನಿ ಸೈಟಿನಿಂದ, ರೀಫಂಡ್ ಅಂದ ದಿನವೇ ನಂಬರು ಕೇಳಿ ಇಟ್ಟುಕೊಳ್ಳುತ್ತೇನೆ. ಸೀರೆ ಅಕ್ಕನ ಹತ್ತಿರ, ಸಮಾರಂಭಕ್ಕೆ ಬೇಕಾದರೆ ತುಂಬಾ ಮೊದಲೇ ಹೇಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಂಥ ದಿನಕ್ಕೇ ಬೇಕು ಅನ್ನುವ ಸಾಮಾನು ಯಾರಿಂದಲೂ ತರಿಸುವುದಿಲ್ಲ, ಬಸ್ಸು ಹತ್ತಿ ಹಂಪನಕಟ್ಟೆಗೆ. ಯಾರೂ ಬಗ್ಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ದಿಲ್ಲಿಯಲ್ಲಿದ್ದರೂ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.