ವಿಎಸ್ ಕೋಡ್ ಜೊತೆ ಎಂಟು ವರ್ಷ: ನಮ್ಮ ದೂರು, ನಮ್ಮ ಬೇಡಿಕೆ ಎಲ್ಲಿಗೆ ಹೋಗುತ್ತೆ?

ಕೋಡು ಬರೆಯುವ ಎಡಿಟರ್ ವಿಎಸ್ ಕೋಡ್ ಅನ್ನು ನಾನು ಹಿಡಿದಿದ್ದು 2017ರಲ್ಲಿ. ಆಗ ನನ್ನ ಹತ್ತಿರ ಇದ್ದದ್ದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಪಕ್ಕದ ಸೀಟಿನ ಗೆಳೆಯ ‘ಇದನ್ನೊಂದು ಸಲ ನೋಡು ಮಾರಾಯ’ ಅಂತ ಪೆನ್‌ಡ್ರೈವ್‌ನಿಂದ ಹಾಕಿಕೊಟ್ಟ. ಅದಾದ ಮೇಲೆ ಕೆಲಸ ಎರಡು ಸಲ ಬದಲಾಯಿತು, ಲ್ಯಾಪ್‌ಟಾಪ್ ಮೂರು ಸಲ. ಎಡಿಟರ್ ಮಾತ್ರ ಅದೇ. ಈಗ ದಿನದ ಹೆಚ್ಚಿನ ಹೊತ್ತು ಕನ್ನಡ ಆ್ಯಪ್‌ಗಳ ಕೆಲಸದಲ್ಲಿ ಹೋಗುತ್ತದೆ. ಟೈಪ್‌ಸ್ಕ್ರಿಪ್ಟ್ ಕೋಡು ಒಂದು ಕಡೆ, ಪರದೆಯ ಮೇಲೆ ಬರುವ ಕನ್ನಡ ಪದಗಳನ್ನು ಜೋಡಿಸಿಟ್ಟ ಜೇಸನ್ ಫೈಲುಗಳು ಇನ್ನೊಂದು ಕಡೆ.

ಥೀಮ್ ಯಾವುದು ಚೆನ್ನ, ಯಾವ ಶಾರ್ಟ್‌ಕಟ್ ಕಲಿಯಬೇಕು ಎಂಬ ವಿಮರ್ಶೆಗಳು ಬೇಕಾದಷ್ಟಿವೆ. ನಾನು ಹೇಳಬೇಕು ಅಂದುಕೊಂಡಿರುವುದು ಬೇರೆ ವಿಷಯ. ಇದರಲ್ಲಿ ಏನಾದರೂ ಕೆಟ್ಟರೆ, ಅಥವಾ ಇಲ್ಲದ್ದೊಂದು ಬೇಕಾದರೆ, ನಮ್ಮಂಥ ಬಳಕೆದಾರರ ಮಾತು ಎಲ್ಲಿಗೆ ಹೋಗುತ್ತೆ? ಇಷ್ಟು ವರ್ಷ ಇದೇ ಎಡಿಟರ್‌ನಲ್ಲಿ ನಾನು ಉಳಿದುಕೊಂಡಿದ್ದಕ್ಕೆ ದೊಡ್ಡ ಕಾರಣ ಆ ಪ್ರಶ್ನೆಗೆ ಸಿಕ್ಕ ಉತ್ತರ.

ಮೈಕ್ರೋಸಾಫ್ಟ್ ಇದನ್ನು ಮೊದಲು ತೋರಿಸಿದ್ದು 2015ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಅದರ ಸೋರ್ಸ್ ಕೋಡ್ ಗಿಟ್‌ಹಬ್‌ಗೆ, ಅಂದರೆ ಕೋಡು ಹಂಚಿಕೊಳ್ಳುವ ಜಾಲತಾಣಕ್ಕೆ, ಬಂತು. 1.0 ಆವೃತ್ತಿ 2016ರ ಏಪ್ರಿಲ್‌ನಲ್ಲಿ. ಕೋಡಿನ ಜೊತೆಗೇ ದೂರಿನ ಪುಸ್ತಕವೂ ಎಲ್ಲರ ಕಣ್ಣೆದುರಿಗೆ ಬಂತು. ಯಾರು ಏನು ಕೇಳಿದರು, ತಂಡದವರು ಏನು ಹೇಳಿದರು, ಯಾಕೆ ಮುಚ್ಚಿದರು, ಎಲ್ಲವನ್ನೂ ಓದಬಹುದು. ಪ್ರತಿ ದೂರಿಗೂ ಒಂದು ಚೀಟಿ ಅಂಟಿಸುತ್ತಾರೆ: ಇದು ದೋಷ, ಇದು ಹೊಸ ಬೇಡಿಕೆ, ಇದು ಆಗಲೇ ಬಂದಿದೆ, ಇನ್ನಷ್ಟು ಮಾಹಿತಿ ಬೇಕು, ನಾವು ಬೇಕೆಂದೇ ಹೀಗೆ ಮಾಡಿದ್ದು. ಈ ಕೊನೆಯ ಚೀಟಿ ನೋಡಿ ಸಿಟ್ಟು ಮಾಡಿಕೊಳ್ಳುವವರು ಜಾಸ್ತಿ. ನನಗೆ ಅದು ಇಷ್ಟ. ಮಾಡಲ್ಲ ಅಂತ ಮುಖಕ್ಕೆ ಹೇಳಿದರೆ ನಾವು ಬೇರೆ ದಾರಿ ನೋಡಿಕೊಳ್ಳಬಹುದು.

ಹೊಸ ಸೌಲಭ್ಯ ಬೇಕು ಅಂತ ಬರೆದರೆ ಒಂದು ಲೆಕ್ಕ ಇದೆ. ತಂಡದವರಿಗೆ ಅದು ಪರಿಶೀಲಿಸುವಂಥದ್ದು ಅನಿಸಿದರೆ 60 ದಿನ ಬಿಡುತ್ತಾರೆ. ಅಷ್ಟರಲ್ಲಿ 20 ಜನ ಹೆಬ್ಬೆರಳು (ಲೈಕ್‌ನಂಥ ಗುರುತು) ಒತ್ತಿದರೆ ಅದು ಮುಂದಿನ ಕೆಲಸಗಳ ಪಟ್ಟಿಗೆ ಸೇರುತ್ತದೆ. ಒತ್ತದಿದ್ದರೆ ಮುಚ್ಚುತ್ತಾರೆ. ಪಟ್ಟಿಗೆ ಸೇರಿತು ಅಂದರೆ ಕೆಲಸ ಶುರುವಾಯಿತು ಅಂತ ಅರ್ಥ ಅಲ್ಲ, ಅದು ನೆನಪಿರಲಿ. ಇನ್ನೊಂದು, ಹೆಬ್ಬೆರಳು ಒತ್ತಬೇಕಾದ್ದು ಮೊದಲ ಪೋಸ್ಟಿಗೆ. ಕೆಳಗೆ ‘ನನಗೂ ಬೇಕು’ ಅಂತ ಬರೆದರೆ ಲೆಕ್ಕಕ್ಕೆ ಬರಲ್ಲ, ಅದನ್ನು ಹಿಂಬಾಲಿಸುತ್ತಿರುವ ಎಲ್ಲರ ಇನ್‌ಬಾಕ್ಸ್‌ಗೆ ಸುಮ್ನೆ ಒಂದು ಮೇಲ್ ಹೋಗುತ್ತೆ.

ಕಾಯುವುದು ಎಷ್ಟು ಉದ್ದ ಆಗಬಹುದು ಅನ್ನುವುದಕ್ಕೆ ತೇಲುವ ಕಿಟಕಿಯ ಕತೆ ನೋಡಿ. ಒಂದು ಫೈಲನ್ನು ಎಡಿಟರ್‌ನಿಂದ ಎಳೆದು ಎರಡನೇ ಮಾನಿಟರ್‌ನಲ್ಲಿ ಇಡಬೇಕು ಅನ್ನೋದು ಸಣ್ಣ ಆಸೆ ಅಲ್ವಾ? ಆ ಬೇಡಿಕೆ ಬಂದಿದ್ದು 2016ರಲ್ಲಿ. ಈಡೇರಿದ್ದು 1.85ರಲ್ಲಿ, 2023ರ ಕೊನೆಗೆ. ಏಳು ವರ್ಷ! ನಡುವೆ ಸಾವಿರಾರು ಜನ ಹೆಬ್ಬೆರಳು ಒತ್ತಿದ್ದರು. ಇದು ಸೋಮಾರಿತನ ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಆಮೇಲೆ ಆ ಚರ್ಚೆ, ಅದಕ್ಕೆ ಬಂದ ಕೋಡು ಎರಡನ್ನೂ ಓದಿದೆ. ವಿಎಸ್ ಕೋಡ್ ನಿಂತಿರುವುದು ಎಲೆಕ್ಟ್ರಾನ್ ಮೇಲೆ, ಅಂದರೆ ಒಳಗೆ ಇರುವುದು ಒಂದು ಬ್ರೌಸರ್. ಕಿಟಕಿ ಒಂದೇ ಇರುತ್ತೆ ಎಂಬ ನಂಬಿಕೆಯಲ್ಲೇ ಕೋಡಿನ ಮೂಲೆಮೂಲೆಯನ್ನೂ ಬರೆದಿದ್ದರು. ಮೆನು ಎಲ್ಲಿ ತೆರೆಯಬೇಕು, ಕರ್ಸರ್ ಯಾವ ಕಿಟಕಿಯಲ್ಲಿದೆ, ಇಂಥದ್ದನ್ನೆಲ್ಲ ಹುಡುಕಿ ಹುಡುಕಿ ಸರಿಮಾಡಬೇಕಾಯಿತು. ಬಂದಾಗ ಚೆನ್ನಾಗಿಯೇ ಬಂತು. ಈಗ ನನ್ನ ಎರಡನೇ ಪರದೆಯಲ್ಲಿ ಅನುವಾದದ ಫೈಲು ಇಡೀ ದಿನ ತೆರೆದಿರುತ್ತದೆ.

ಇನ್ನೊಂದು ಬದಲಾವಣೆ ನನಗೆ ಇದಕ್ಕಿಂತ ಇಷ್ಟ. ಬ್ರ್ಯಾಕೆಟ್‌ಗಳಿಗೆ ಜೋಡಿಜೋಡಿಯಾಗಿ ಬಣ್ಣ ಹಚ್ಚುವ ಒಂದು ಎಕ್ಸ್‌ಟೆನ್ಷನ್ (ಎಡಿಟರ್‌ಗೆ ಬೇಕೆಂದರೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ತುಂಬಾ ಜನಪ್ರಿಯ ಆಗಿತ್ತು. ದೊಡ್ಡ ಫೈಲಿನಲ್ಲಿ ಮಾತ್ರ ಅದು ಏದುಸಿರು ಬಿಡುತ್ತಿತ್ತು. ಟೈಪ್‌ಸ್ಕ್ರಿಪ್ಟ್‌ನ ಸ್ವಂತ ಕೋಡಿನಲ್ಲಿ 42 ಸಾವಿರಕ್ಕೂ ಜಾಸ್ತಿ ಸಾಲಿನ ಒಂದು ಫೈಲಿದೆ. ಅದರ ಆರಂಭದಲ್ಲಿ ಒಂದು ಅಕ್ಷರ ಸೇರಿಸಿದರೆ ಬಣ್ಣಗಳು ಸರಿಯಾಗಲು 10 ಸೆಕೆಂಡಿಗೂ ಜಾಸ್ತಿ ಹಿಡಿಯುತ್ತಿತ್ತು. ಎಕ್ಸ್‌ಟೆನ್ಷನ್ ಬರೆದವರ ತಪ್ಪು ಅಲ್ಲಿರಲಿಲ್ಲ. ಹೊರಗಿನಿಂದ ಕೆಲಸ ಮಾಡುವ ಎಕ್ಸ್‌ಟೆನ್ಷನ್‌ಗೆ ಎಡಿಟರ್‌ನ ಒಳಗಿನ ಮಾಹಿತಿ ಸಿಗುವುದಿಲ್ಲ. ತಂಡದವರು 2021ರಲ್ಲಿ ಆ ಕೆಲಸವನ್ನೇ ಒಳಗೆ ತಂದರು. ಬ್ರ್ಯಾಕೆಟ್‌ಗಳನ್ನು ಸಮತೋಲನದ ಮರದ ರೂಪದಲ್ಲಿ ಜೋಡಿಸಿಟ್ಟು, ಅಕ್ಷರ ಬದಲಾದಾಗ ಬೇಕಾದ ಕೊಂಬೆಯನ್ನಷ್ಟೇ ಮತ್ತೆ ಲೆಕ್ಕ ಹಾಕುವಂತೆ ಮಾಡಿದರು. 10 ಸೆಕೆಂಡಿನ ಕೆಲಸ ಒಂದು ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯಿತು. ಹೇಗೆ ಮಾಡಿದೆವು ಅಂತ ಉದ್ದವಾಗಿ ಬರೆದೂ ಬರೆದರು. ಡೇಟಾ ಸ್ಟ್ರಕ್ಚರ್ ಪಾಠ ಪರೀಕ್ಷೆಗೆ ಮಾತ್ರ ಅಂದುಕೊಂಡಿರುವ ಹುಡುಗ ಹುಡುಗಿಯರಿಗೆಲ್ಲ ನಾನು ಅದನ್ನು ಓದಿಸುತ್ತೇನೆ.

ಇನ್ನು ದೋಷದ ದೂರು. ಇದರಲ್ಲಿ ನನ್ನ ಸ್ವಂತ ಅನುಭವ ಒಂದಿದೆ.

ಕೆಲವು ವರ್ಷದ ಹಿಂದೆ ಒಂದು ದಿನ ಟೈಪ್ ಮಾಡಿದ ಅಕ್ಷರ ಪರದೆಗೆ ಬರಲು ತಡವಾಗತೊಡಗಿತು. ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಎಡಿಟರೇ ಹಾಳಾಯಿತು ಅಂದುಕೊಂಡೆ. ಹೆಲ್ಪ್ ಮೆನುವಿನ ಪ್ರಾಸೆಸ್ ಎಕ್ಸ್‌ಪ್ಲೋರರ್ ತೆಗೆದರೆ ಸಿಪಿಯು ತಿನ್ನುತ್ತಿದ್ದದ್ದು ಎಕ್ಸ್‌ಟೆನ್ಷನ್‌ಗಳು ಓಡುವ ಪ್ರಾಸೆಸ್. ನನ್ನಲ್ಲಿದ್ದದ್ದು 46 ಎಕ್ಸ್‌ಟೆನ್ಷನ್. ಯಾವುದು ಅಂತ ಹುಡುಕೋದು? ಇದಕ್ಕೆಂದೇ 2020ರ ಕೊನೆಯಲ್ಲಿ ‘ಎಕ್ಸ್‌ಟೆನ್ಷನ್ ಬೈಸೆಕ್ಟ್’ ಅನ್ನೋ ಕಮಾಂಡ್ ಬಂದಿತ್ತು. ಅದು ಅರ್ಧ ಎಕ್ಸ್‌ಟೆನ್ಷನ್‌ಗಳನ್ನು ಆಫ್ ಮಾಡಿ ‘ಈಗ ಸರಿ ಇದೆಯಾ, ಇನ್ನೂ ತೊಂದರೆ ಇದೆಯಾ’ ಅಂತ ಕೇಳುತ್ತದೆ. ಉತ್ತರ ಕೊಟ್ಟರೆ ಉಳಿದವನ್ನು ಮತ್ತೆ ಅರ್ಧ ಮಾಡುತ್ತದೆ. 46ರಲ್ಲಿ ಒಂದನ್ನು ಹಿಡಿಯಲು ಆರು ಸಲ ಸಾಕಾಯಿತು. ಐದು ನಿಮಿಷದ ಕೆಲಸ.

ಸಿಕ್ಕಿದ್ದು ಕೋಡನ್ನು ಒಪ್ಪವಾಗಿ ಜೋಡಿಸಿಕೊಡುವ ಒಂದು ಸಣ್ಣ ಎಕ್ಸ್‌ಟೆನ್ಷನ್. ಹೆಸರು ಬೇಡ. ಬರೆದವರು ಸಂಬಳ ಇಲ್ಲದೆ, ಬಿಡುವಿನ ಹೊತ್ತಿನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದರು. ನಾನು ಮೊದಲು ಬರೆದ ದೂರು ಎರಡೇ ಸಾಲು: ‘ತುಂಬಾ ನಿಧಾನ, ದಯವಿಟ್ಟು ಸರಿಮಾಡಿ.’ ಯಾವ ಆವೃತ್ತಿ, ಎಂಥ ಫೈಲು ಅಂತ ಕೇಳಿದರು. ನಾನು ಕೆಲಸದ ಗಡಿಬಿಡಿಯಲ್ಲಿ ಉತ್ತರ ಕೊಡಲಿಲ್ಲ. ಕೆಲವೇ ದಿನದಲ್ಲಿ ದೂರು ಮುಚ್ಚಿತು.

ಎರಡನೇ ಸಲ ಒಂದು ಸಂಜೆ ಪೂರ್ತಿ ಕೂತೆ. ನಮ್ಮ ಎರಡು ಸಾವಿರ ಸಾಲಿನ ಫೈಲಿನಿಂದ ಸ್ವಲ್ಪ ಸ್ವಲ್ಪ ಅಳಿಸುತ್ತಾ ಹೋದೆ. ಅಳಿಸಿದ ಮೇಲೂ ತೊಂದರೆ ಇದ್ದರೆ ಮುಂದೆ ಹೋಗುವುದು, ಹೋಯಿತು ಅಂದರೆ ಹಿಂದಿನದನ್ನು ವಾಪಸ್ ತರುವುದು. ಕೊನೆಗೆ ಎಂಟು ಸಾಲು ಉಳಿಯಿತು. ಅದರಲ್ಲಿ ಒಂದು ಕಾಮೆಂಟ್, ಅಂದರೆ ಕೋಡಿನ ನಡುವೆ ಓದುವವರಿಗೆಂದು ಬರೆದ ಟಿಪ್ಪಣಿ, ಕನ್ನಡದಲ್ಲಿತ್ತು. ಆ ಕಾಮೆಂಟ್ ತೆಗೆದರೆ ಎಲ್ಲ ಸರಿ. ಆ ಎಂಟು ಸಾಲು, ಎಡಿಟರ್ ಮತ್ತು ಎಕ್ಸ್‌ಟೆನ್ಷನ್ ಆವೃತ್ತಿ, ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಇಷ್ಟನ್ನೇ ಬರೆದೆ. ಮೂರನೇ ದಿನ ಸರಿಯಾದ ಆವೃತ್ತಿ ಬಂತು. ಅಕ್ಷರ ಎಣಿಸುವ ಕಡೆ ಒತ್ತಕ್ಷರದ ಲೆಕ್ಕ ತಪ್ಪಿ, ಮುಗಿಯದ ಒಂದು ಲೂಪ್‌ಗೆ ಬೀಳುತ್ತಿತ್ತಂತೆ. ಬರೆದವರು ‘ಈ ಲಿಪಿಯನ್ನು ನಾನು ಯಾವತ್ತೂ ಪರೀಕ್ಷೆ ಮಾಡಿರಲಿಲ್ಲ, ಥ್ಯಾಂಕ್ಸ್’ ಅಂತ ಉತ್ತರ ಕೊಟ್ಟರು. ಆಮೇಲೆ ನನ್ನ ಕನ್ನಡ ಕಾಮೆಂಟನ್ನೇ ಅವರ ಪರೀಕ್ಷೆಗಳ ಫೋಲ್ಡರ್‌ಗೆ ಸೇರಿಸಿಕೊಂಡರು. ಅದು ಅಲ್ಲಿ ಇವತ್ತಿಗೂ ಇದೆ. ನೋಡಿದಾಗಲೆಲ್ಲ ಮನಸ್ಸು ತುಂಬುತ್ತದೆ.

ಇಷ್ಟವಾದ ಬೇರೆ ಕೆಲವನ್ನು ಬೇಗ ಹೇಳಿಬಿಡುತ್ತೇನೆ. 2022ರ ಮಾರ್ಚ್ ಆವೃತ್ತಿಯಲ್ಲಿ ಬಂದ ಲೋಕಲ್ ಹಿಸ್ಟರಿ ನನ್ನನ್ನು ಎರಡು ಸಲ ಉಳಿಸಿದೆ. ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸದ ಫೈಲಿನಲ್ಲೂ ಹಿಂದೆ ಸೇವ್ ಮಾಡಿದ್ದು ಟೈಮ್‌ಲೈನ್‌ನಲ್ಲಿ ಸಿಗುತ್ತದೆ. ಹೊಸ ಬದಲಾವಣೆಗಳು ಮೊದಲು ಬರುವ, ಹಸಿರು ಐಕಾನ್‌ನ ಇನ್‌ಸೈಡರ್ಸ್ ಆವೃತ್ತಿಯನ್ನು ಮಾಮೂಲಿಯ ಪಕ್ಕದಲ್ಲೇ ಹಾಕಿಕೊಳ್ಳಬಹುದು. ದೂರು ಬರೆಯುವ ಮೊದಲು ಅದರಲ್ಲಿ ಆಗಲೇ ಸರಿಯಾಗಿದೆಯಾ ನೋಡಿಕೊಳ್ಳಿ. ಈಚಿನ ವರ್ಷಗಳ ಬಿಡುಗಡೆ ಟಿಪ್ಪಣಿಗಳಲ್ಲಿ ಎಐ ಮಾತೇ ತುಂಬಿಕೊಂಡಿರುವುದು ಮಾತ್ರ ನನಗೆ ಬೇಸರ. ಹುಡುಕಾಟ, ಫಾಂಟು, ಕರ್ಸರ್ ಇಂಥ ಬಡಪಾಯಿ ಬೇಡಿಕೆಗಳಿಗೂ ಅಷ್ಟೇ ಜಾಗ ಸಿಗಬೇಕು.

ಕನ್ನಡದಲ್ಲಿ ಕೆಲಸ ಮಾಡುವವರು ಎರಡು ಸೆಟ್ಟಿಂಗ್ ಬದಲಾಯಿಸಿಕೊಳ್ಳಿ. ಫಾಂಟ್ ಫ್ಯಾಮಿಲಿಯಲ್ಲಿ ಕೋಡಿನ ಫಾಂಟ್ ಆದಮೇಲೆ ನೋಟೋ ಸಾನ್ಸ್ ಕನ್ನಡದಂಥ ಒಂದನ್ನು ಸೇರಿಸಿ. ಲೈನ್ ಹೈಟ್ 1.8 ಇಡಿ. ಒತ್ತಕ್ಷರಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಹೋದ ತಿಂಗಳು ಒಂದು ಜೇಸನ್ ಫೈಲಿನಲ್ಲಿ ‘ಬ್ಯಾಂಕ್’ ಅನ್ನೋ ಪದವನ್ನು ಹುಡುಕಬೇಕಿತ್ತು. ಅನುವಾದಕರು ಕಳಿಸಿದ ಶೀಟಿನಿಂದಲೇ ಪದವನ್ನು ಕಾಪಿ ಮಾಡಿ ಕಂಟ್ರೋಲ್-ಎಫ್ ಒತ್ತಿ ಅಂಟಿಸಿದೆ. ಸಿಕ್ಕಿದ್ದು 9. ಕಣ್ಣಿಗೆ ಕಾಣುತ್ತಿದ್ದದ್ದು 41. ಹುಡುಕಾಟವೇ ಕೆಟ್ಟಿದೆ ಅಂತ ದೂರು ಬರೆಯಲು ಶುರು ಮಾಡಿದ್ದೆ. ಎಂಟು ಸಾಲಿನ ಅಭ್ಯಾಸ ಕೈ ತಡೆಯಿತು. ಸಿಕ್ಕ ಒಂದು ‘ಬ್ಯಾಂಕ್’ ಅನ್ನು ಸೆಲೆಕ್ಟ್ ಮಾಡಿ ಕೆಳಗಿನ ಪಟ್ಟಿ ನೋಡಿದೆ: ಸ್ವರಚಿಹ್ನೆ, ಸೊನ್ನೆ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಬೇರೆ ಬೇರೆ ಎಣಿಸುವ ಕಂಪ್ಯೂಟರ್ ಲೆಕ್ಕದಲ್ಲಿ 8 ಅಕ್ಷರ. ಸಿಗದ ಒಂದನ್ನು ಸೆಲೆಕ್ಟ್ ಮಾಡಿದೆ: 7. ಎರಡೂ ಕಣ್ಣಿಗೆ ಒಂದೇ.

ಆ ಎಂಟನೆಯದು ಕಣ್ಣಿಗೆ ಕಾಣದ ಅಕ್ಷರ. ಅರ್ಧಾಕ್ಷರಕ್ಕೆ ಮುಂದಿನದು ಒತ್ತಾಗಿ ಅಂಟದಂತೆ ತಡೆಯುವುದು ಅದರ ಕೆಲಸ. ‘ಸಾಫ್ಟ್‌ವೇರ್’ ಬರೆಯುವಾಗ ಅದು ಬೇಕೇ ಬೇಕು, ಇಲ್ಲದಿದ್ದರೆ ವಕಾರ ಒತ್ತಾಗಿ ಕೆಳಗೆ ಇಳಿಯುತ್ತದೆ. ಪದದ ಕೊನೆಯಲ್ಲಿ ಅದು ಬೇಡ. ಆದರೂ ಟೈಪ್ ಮಾಡುವ ವಿಧಾನದ ಮೇಲೆ ಒಮ್ಮೊಮ್ಮೆ ಅಲ್ಲೂ ಸೇರಿಕೊಳ್ಳುತ್ತದೆ. ಎಡಿಟರ್ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು, ಕೊಟ್ಟ ಎಂಟು ಅಕ್ಷರವನ್ನೇ ಹುಡುಕಿತ್ತು. ಸದ್ಯಕ್ಕೆ ದಾರಿ ಏನೆಂದರೆ, ಹುಡುಕಾಟದಲ್ಲಿ ರೆಜೆಕ್ಸ್ (ಪದದ ಬದಲು ನಮೂನೆ ಕೊಟ್ಟು ಹುಡುಕುವ ವಿಧಾನ) ಆನ್ ಮಾಡಿ, ಪದದ ಕೊನೆಗೆ ಆ ಅಕ್ಷರದ ಯೂನಿಕೋಡ್ ನಂಬರು ಹಾಕಿ, ಅದಾದ ಮೇಲೆ ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಅನ್ನೋ ಒಂದು ಪ್ರಶ್ನಾರ್ಥಕ ಚಿಹ್ನೆ ಇಡುವುದು. ಕೋಡು ಬರೆಯುವ ನನಗೆ ಇದು ಆಗುತ್ತೆ. ಶೀಟು ತುಂಬುವ ಅನುವಾದಕರಿಗೆ ಹೇಳಿಕೊಡಲು ಆಗಲ್ಲ.

ಹಾಗಾಗಿ ನನಗೆ ಬೇಕಾಗಿರುವುದು ಹುಡುಕಾಟದ ಪೆಟ್ಟಿಗೆಯಲ್ಲಿ ಇನ್ನೊಂದು ಗುಂಡಿ. ಒತ್ತಿದರೆ ಕಾಣದ ಅಕ್ಷರಗಳನ್ನು ಬಿಟ್ಟು ಹುಡುಕಬೇಕು. ದೊಡ್ಡಕ್ಷರ ಚಿಕ್ಕಕ್ಷರದ ಭೇದ ನೋಡಿ ಹುಡುಕುವುದಕ್ಕೆ ಇಂಗ್ಲಿಷಿನವರಿಗೆ ಇರುವ ಗುಂಡಿಯ ಪಕ್ಕದಲ್ಲೇ ಇರಲಿ. ಬೇಡಿಕೆಯ ಕರಡು ಸಿದ್ಧವಾಗಿದೆ: ಮೂರು ಸಾಲಿನ ಒಂದು ಫೈಲು, 7 ಮತ್ತು 8 ಕಾಣುವ ಎರಡು ಚಿತ್ರ, ಏನಾಗಬೇಕು ಎಂಬ ಒಂದು ವಾಕ್ಯ. ಪರ್ಷಿಯನ್‌ನಲ್ಲೂ ಮಲಯಾಳಂನಲ್ಲೂ ಈ ಅಕ್ಷರದ ಬಳಕೆ ಇದೆ. ಹಾಗಾಗಿ ಅವರಲ್ಲಿ ಯಾರಾದರೂ ಆಗಲೇ ಕೇಳಿದ್ದಾರಾ ಅಂತ ಈ ವಾರ ಹಳೇ ಪಟ್ಟಿಯನ್ನು ಪೂರ್ತಿ ಜಾಲಾಡುತ್ತೇನೆ. ಇದ್ದರೆ ಅಲ್ಲೇ ನನ್ನ ಉದಾಹರಣೆ ಸೇರಿಸುತ್ತೇನೆ, ಇಲ್ಲದಿದ್ದರೆ ಶನಿವಾರ ಹೊಸದಾಗಿ ಹಾಕುತ್ತೇನೆ. ಎಲ್ಲಾದರೂ ಕಂಡರೆ ಮೊದಲ ಪೋಸ್ಟಿಗೇ ಹೆಬ್ಬೆರಳು ಒತ್ತಿ. ಇರುವುದು 60 ದಿನ, ಬೇಕಾಗಿರುವುದು 20 ಜನ.