ಹುಬ್ಬಳ್ಳಿಯ ‘ಕೂಲಂಟ್ ಚೇಂಜ್’: ಬಿಲ್ಲಿನಲ್ಲಿ ಐದು ಲೀಟರ್, ಗಾಡಿಯಲ್ಲಿ ಎರಡೂವರೆ

ಹುಬ್ಬಳ್ಳಿಯಲ್ಲಿ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಚೇಂಜ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ: ರಸ್ತೆ ಬದಿಯ ಗ್ಯಾರೇಜಿನ ಇಪ್ಪತ್ತು ನಿಮಿಷದ ಕೆಲಸ, ರೇಡಿಯೇಟರ್ ರಿಪೇರಿ ಅಂಗಡಿಯ ನೀರಿನ ಫ್ಲಶ್, ಗೋಕುಲ ರಸ್ತೆ ಕಡೆಯ ಕಂಪನಿ ಸರ್ವಿಸ್. ಬಿಲ್ಲು ಮೂರಕ್ಕೂ ಒಂದೇ ಥರ ಕಾಣುತ್ತದೆ, ಎಂಜಿನ್ನಿನೊಳಗೆ ಉಳಿಯುವ ದ್ರವ ಮಾತ್ರ ಒಂದೇ ಅಲ್ಲ.

ರಸ್ತೆ ಬದಿಯದು ಅಗ್ಗ, ಅರ್ಧಂಬರ್ಧ ಕೂಡ. ಮಿಸ್ತ್ರಿ ರೇಡಿಯೇಟರಿನ ಕೆಳಗಿನ ಡ್ರೇನ್ ಪ್ಲಗ್ ಬಿಚ್ಚುತ್ತಾನೆ, ಬಂದಷ್ಟು ಇಳಿಸುತ್ತಾನೆ, ಹೊಸದು ಸುರಿಯುತ್ತಾನೆ. ಸಣ್ಣ ಕಾರಿನ ಒಟ್ಟು ಹಿಡಿತ ಸಾಮಾನ್ಯವಾಗಿ 4ರಿಂದ 6 ಲೀಟರ್. ಅದರಲ್ಲಿ ರೇಡಿಯೇಟರಿನಿಂದ ಇಳಿಯುವುದು ಹೆಚ್ಚುಕಡಿಮೆ ಅರ್ಧ. ಮಿಕ್ಕದ್ದು ಎಂಜಿನ್ ಬ್ಲಾಕ್ ಮತ್ತು ಹೀಟರ್ ಕೋರಿನಲ್ಲಿ ನಿಂತೇ ಇರುತ್ತದೆ. 5 ಲೀಟರಿನ ಗಾಡಿಯಲ್ಲಿ ಎರಡೂವರೆ ಇಳಿಸಿ ಎರಡೂವರೆ ತುಂಬಿದರೆ ಅರ್ಧ ಹಳೆಯದೇ. ಮತ್ತೊಮ್ಮೆ ಮಾಡಿದರೆ ಕಾಲು ಪಾಲು, ಮೂರನೇ ಸಲಕ್ಕೆ ಎಂಟನೇ ಒಂದು ಪಾಲು ಹಳೆಯದು ಉಳಿಯುತ್ತದೆ. ಅವಧಿ ಮುಗಿಯುವ ಮೊದಲೇ ಮಾಡಿಸುವವರಿಗೆ ಇಷ್ಟು ಸಾಕು. ಒಳಗಿನದು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಈ ಕೆಲಸಕ್ಕೆ ಕೊಟ್ಟ ದುಡ್ಡು ದಂಡ. ಕೆಳಗೆ ಬಕೆಟ್ ಇಡಿಸಿ, ಎಷ್ಟು ಇಳಿಯಿತೆಂದು ಅಳೆಯಿರಿ, ಖಾಲಿ ಬಾಟಲಿ ಎಣಿಸಿ; ಬಿಲ್ಲಿನ ಲೆಕ್ಕ ಅಲ್ಲೇ ಗೊತ್ತಾಗುತ್ತದೆ.

ರೇಡಿಯೇಟರ್ ಅಂಗಡಿಯ ಫ್ಲಶ್ ನೋಡಲು ಸಮಾಧಾನ ಕೊಡುತ್ತದೆ, ನೀರು ತಿಳಿಯಾಗುವ ತನಕ ಹಾಯಿಸುತ್ತಾರೆ. ಎಡವಟ್ಟು ಆಗುವುದು ಆಮೇಲೆ. ಫ್ಲಶ್ ಮುಗಿದಾಗ ಅದೇ 5 ಲೀಟರಿನ ಗಾಡಿಯ ಬ್ಲಾಕಿನಲ್ಲಿ ಎರಡೂವರೆ ಲೀಟರ್ ಬರೀ ನೀರು ನಿಂತಿರುತ್ತದೆ. ಅದರ ಮೇಲೆ 30:70 ರೆಡಿ ಮಿಕ್ಸ್ (30 ಪಾಲು ಕೂಲಂಟಿನ ಮೂಲ ದ್ರವವಾದ ಗ್ಲೈಕಾಲ್, 70 ಪಾಲು ನೀರು) ಎರಡೂವರೆ ಲೀಟರ್ ಸುರಿದರೆ ಗ್ಲೈಕಾಲ್ ಶೇ. 15ಕ್ಕೆ ಇಳಿಯುತ್ತದೆ, ತುಕ್ಕು ತಡೆಯುವ ರಾಸಾಯನಿಕವೂ ಅರ್ಧಕ್ಕೆ ಇಳಿಯುತ್ತದೆ. ಬಣ್ಣ ಹಸಿರೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಫ್ಲಶ್ ಮಾಡಿದ ಗಾಡಿಗೆ ರೆಡಿ ಮಿಕ್ಸ್ ಬೇಡ, ನೀರು ಬೆರೆಸದ ಕಾನ್ಸಂಟ್ರೇಟ್ ಬೇಕು: ಈ ಲೆಕ್ಕದಲ್ಲಿ ಶೇ. 30ಕ್ಕೆ ಒಂದೂವರೆ ಲೀಟರ್, ಶೇ. 50ಕ್ಕೆ ಎರಡೂವರೆ ಲೀಟರ್ ಮೊದಲು ಸುರಿದು, ಜಾಗ ಉಳಿದರೆ ನೀರು. ಕೊನೆಯ ಫ್ಲಶ್ ಬ್ಯಾಟರಿಗೆ ಹಾಕುವ, ಲವಣ ತೆಗೆದ ಡಿಎಂ ನೀರಿನಲ್ಲೇ ಆಗಬೇಕು. ನವಲಗುಂದ, ರೋಣದ ಕಡೆಯ ಸವಳು ಬೋರ್ ನೀರು ಚಹಾ ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪದರವನ್ನೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಬಿಡುತ್ತದೆ. ಅದರ ಕ್ಲೋರೈಡ್ ಅಲ್ಯೂಮಿನಿಯಂ ಹೆಡ್ ತಿನ್ನುತ್ತದೆ. ‘ನೀರ ಹಾಕ್ರಿ, ಏನೂ ಆಗಂಗಿಲ್ಲ’ ಎನ್ನುವುದು ದಾರಿಯಲ್ಲಿ ಸಿಕ್ಕಿಬಿದ್ದ ದಿನಕ್ಕಷ್ಟೇ ಸರಿ.

ಕಂಪನಿ ಸರ್ವಿಸಿನಲ್ಲಿ ಖರ್ಚು ಹೆಚ್ಚು, ಆದರೆ ಗಾಡಿಗೆ ಹೇಳಿದ ದ್ರವವೇ ಸಿಗುತ್ತದೆ. ಮೂರರಲ್ಲಿ ನಮ್ಮ ಮತ ಇದಕ್ಕೇ, ಒಂದು ಷರತ್ತಿನ ಮೇಲೆ: ಕೂಲಂಟ್ ತುಂಬುವಾಗ ಒಳಗೆ ಸಿಕ್ಕಿಕೊಳ್ಳುವ ಗಾಳಿ ತೆಗೆಯುವಾಗ ನೀವು ಪಕ್ಕದಲ್ಲಿರಬೇಕು. ಗಾಡಿಯ ಮೂತಿ ಏರಿಗೆ ಮಾಡಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ತಣ್ಣಗಿನ ಎಂಜಿನ್ ಶುರು ಮಾಡಿ, ಮೇಲಿನ ಹೋಸ್ ಹಿಸುಕುತ್ತ ಗುಳ್ಳೆ ನಿಲ್ಲುವವರೆಗೆ ತುಂಬಬೇಕು. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆಯುವುದು ಹೆಚ್ಚಿನ ಕಾರುಗಳಲ್ಲಿ 82ರಿಂದ 88 ಡಿಗ್ರಿಗೆ. ಅದು ತೆರೆದು ಫ್ಯಾನ್ ಎರಡು ಸಲ ಓಡಿ ನಿಲ್ಲುವ ಮುಂಚೆ ‘ಆಯ್ತು’ ಎಂದರೆ ಆಗಿಲ್ಲ. ಒಳಗೆ ಸಿಕ್ಕಿಕೊಂಡ ಗಾಳಿ ಊರೊಳಗೆ ಸುಮ್ಮನಿರುತ್ತದೆ. ಅಂಕೋಲಾದಿಂದ ತಿರುಗಿ ಬರುವಾಗ ಅರಬೈಲ್ ಘಾಟಿ ಏರಿಸಿದಾಗ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲು) ಸುಟ್ಟು ಲೆಕ್ಕ ಕೇಳುತ್ತದೆ.

ಯಾವಾಗ ಬದಲಿಸಬೇಕು? ಹಳೆಯ ಕಾಲದ ಹಸಿರು ಕೂಲಂಟಿಗೆ ಎರಡು ವರ್ಷ ಅಥವಾ 40,000 ಕಿ.ಮೀ. ಎಂದು ಹಿಡಿಯಿರಿ. ಹೊಸ ಆರ್ಗ್ಯಾನಿಕ್ ಆ್ಯಸಿಡ್ ಬಗೆಯವು ಐದು ವರ್ಷ ದಾಟುತ್ತವೆ. ಟೊಯೋಟಾದ ಗುಲಾಬಿ ಬಣ್ಣದ್ದು ಮೊದಲ ಸಲ 1,60,000 ಕಿ.ಮೀ., ಆಮೇಲೆ 80,000ಕ್ಕೊಮ್ಮೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಹಾಗಾಗಿ ಬದಲಿಸುವುದು ಹೆಪ್ಪುಗಟ್ಟುವ ಭಯಕ್ಕಲ್ಲ. ಕೆಡುವುದು ಅದರೊಳಗಿನ ತುಕ್ಕುನಿರೋಧಕ. ಅದು ಸವೆದ ಮೇಲೆ ಗ್ಲೈಕಾಲೇ ಆಮ್ಲವಾಗುತ್ತ ಹೋಗಿ ಅಲ್ಯೂಮಿನಿಯಂ ಮತ್ತು ಪಂಪ್ ಸೀಲನ್ನು ತಿನ್ನುತ್ತದೆ. ಬಣ್ಣ ನಂಬಬೇಡಿ, ಅದು ಡೈ ಅಷ್ಟೇ. ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಮಲ್ಟಿಮೀಟರ್ ಇದ್ದರೆ ಕಪ್ಪು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ತುದಿ ತಣ್ಣಗಿನ ಕೂಲಂಟಿಗೆ ಹಿಡಿಯಿರಿ, ಲೋಹಕ್ಕೆ ತಾಗದಂತೆ. 0.3 ವೋಲ್ಟಿನೊಳಗಿದ್ದರೆ ಪರವಾಗಿಲ್ಲ, 0.5 ದಾಟಿದರೆ ಬದಲಿಸುವ ಹೊತ್ತು. ಮೇಲೆ ಎಣ್ಣೆಯ ಜಿಡ್ಡು ತೇಲಿದರೆ ಅದು ಕೂಲಂಟಿನ ದೋಷವಲ್ಲ, ಗ್ಯಾಸ್ಕೆಟಿನದು ಅಥವಾ ಆಯಿಲ್ ಕೂಲರಿನದು, ಬದಲಿಸಿ ಪ್ರಯೋಜನವಿಲ್ಲ.

ಬಾಟಲಿ ಕೊಳ್ಳುವಾಗ ರೇಟು ಹೋಲಿಸುವ ಮೊದಲು ಹಿಂದಿನ ಚೀಟಿ ಓದಿ. ಒಂದು ಲೀಟರ್ ಕಾನ್ಸಂಟ್ರೇಟ್ ಶೇ. 50ರ ಲೆಕ್ಕದಲ್ಲಿ ಎರಡು ಲೀಟರ್, ಶೇ. 30ರಲ್ಲಿ ಸುಮಾರು 3.3 ಲೀಟರ್ ಕೂಲಂಟ್ ಆಗುತ್ತದೆ. ಒಂದು ಲೀಟರ್ ರೆಡಿ ಮಿಕ್ಸ್ ಒಂದೇ ಲೀಟರ್. ನೀರು ಬೆರೆಸದೆ ಬರೀ ಕಾನ್ಸಂಟ್ರೇಟ್ ತುಂಬಿದರೆ ಜಾಸ್ತಿ ತಂಪು ಎಂಬುದು ತಪ್ಪು. ಗ್ಲೈಕಾಲ್ ಶಾಖ ಹೊರುವುದು ನೀರಿಗಿಂತ ಕಡಿಮೆ.

ಇಷ್ಟೆಲ್ಲ ಮಾಡಿಸಿ ರೇಡಿಯೇಟರ್ ಕ್ಯಾಪ್ ಹಳೆಯದೇ ಬಿಡುವವರು ಬಹಳ. ಅರ್ಧ-ಅರ್ಧ ಮಿಶ್ರಣ ಕುದಿಯುವ ಮಟ್ಟವನ್ನು 100ರಿಂದ ಸುಮಾರು 107 ಡಿಗ್ರಿಗೆ ಒಯ್ಯುತ್ತದೆ, 0.9 ಬಾರ್‌ನ ಕ್ಯಾಪ್ ಒಂದೇ ಅದಕ್ಕೆ ಇನ್ನೂ ಹದಿನೆಂಟು ಡಿಗ್ರಿಯಷ್ಟು ಸೇರಿಸುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೆ, ಅಥವಾ ತಣ್ಣಗಾದ ಮೇಲೆ ಮೇಲಿನ ಹೋಸ್ ಒಳಗೆ ಸೊಟ್ಟಗಾಗಿದ್ದರೆ ಕ್ಯಾಪ್ ಬದಲಿಸಿ. ಹೊಸ ಕ್ಯಾಪಿನ ಮೇಲೆ ಬರೆದ ಅಂಕಿ ಹಳೆಯದರದ್ದೇ ಇರಲಿ. ಬಿಸಿ ಇದ್ದಾಗ ಯಾರೂ ಅದನ್ನು ಮುಟ್ಟಬಾರದು.

ಇಳಿಸಿದ ಹಳೆಯದನ್ನು ಗಟಾರಕ್ಕೆ ಚೆಲ್ಲುವ ಗ್ಯಾರೇಜಿಗೆ ನಮ್ಮ ಕಡೆಯಿಂದ ಅಂಕ ಇಲ್ಲ. ಅದು ಸಿಹಿ ಇರುತ್ತದೆ. ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕ್ಯಾನಿಗೆ ತುಂಬಿಸಿ ಮುಚ್ಚಳ ಹಾಕಲು ಹೇಳಿ.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ರಿಸರ್ವ್ ಟ್ಯಾಂಕ್ ನೋಡಿ. ಒಮ್ಮೆ ಕೊಂಚ ಇಳಿದಿದ್ದರೆ ಉಳಿದ ಗಾಳಿ ಹೊರಬಂದಿದೆ, ಅದೇ ದ್ರವವನ್ನು ಮೇಲಿನ ಗೆರೆಯ ತನಕ ತುಂಬಿ. ವಾರದೊಳಗೆ ಮತ್ತೆ ಇಳಿದರೆ ಗ್ಯಾರೇಜಿಗೆ ತಿರುಗಿ ಒಯ್ದು ಹೋಸ್ ಕ್ಲಿಪ್ಪು, ವಾಟರ್ ಪಂಪು ನೋಡಿಸಿ.