ವಿಜಯಪುರದ ಬಿಸಿಲು, ಎರೆಮಣ್ಣು ಮತ್ತು ನಾಲ್ಕಿಂಚಿನ ರಿಂಗ್‌ಫಿಟ್ ಪೈಪ್

ವಿಜಯಪುರದ ಹಳೇ ಓಣಿಗಳಲ್ಲಿ ಹಿತ್ತಲ ಗೋಡೆ ನೋಡಿದರೆ ಎಷ್ಟೋ ಮನೆಗಳಲ್ಲಿ ಮೂರು ಕಾಲದ ಪೈಪ್ ಒಂದರ ಕೆಳಗೊಂದು ನಿಂತಿರುತ್ತವೆ. ಮೇಲೆ ತುಕ್ಕು ತಿಂದ ಬೀಡಿನ ಪೈಪ್, ನಡುವೆ ಆಸ್ಬೆಸ್ಟಾಸ್ ಸಿಮೆಂಟಿನದು, ಬುಡದಲ್ಲಿ ಯಾರೋ ಅವಸರಕ್ಕೆ ಸಿಗಿಸಿದ ಪಿವಿಸಿ ತುಂಡು. ಇಂಥ ಸಂಡಾಸ ಪೈಪ್ ಸೀಳಿದಾಗ ಹಾಕಬೇಕಾದದ್ದು 110 ಮಿ.ಮೀ. (ಅಂಗಡಿ ಮಾತಿನಲ್ಲಿ ನಾಲ್ಕಿಂಚು) ಎಸ್‌ಡಬ್ಲ್ಯೂಆರ್, ಅಂದರೆ ಮಲ, ಬಚ್ಚಲು, ಮಳೆನೀರಿನ ಪೈಪ್; ಅದರಲ್ಲೂ ಅಂಟಿನ ಬದಲು ರಬ್ಬರ್ ರಿಂಗ್‌ನಿಂದ ಸಂದು ಕೂಡುವ ರಿಂಗ್‌ಫಿಟ್, ಟೈಪ್ ಬಿ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಬಿಸಿಲಿನ ಲೆಕ್ಕಕ್ಕೆ.

ಅಂಗಡಿಯಲ್ಲಿ ‘ನಾಲ್ಕಿಂಚಿನ ಪೈಪ್ ಕೊಡ್ರಿ’ ಅಂದರೆ ಮೂರು ಬೇರೆ ಬೇರೆ ಮಾಲು ಎದುರಿಗೆ ಬರಬಹುದು. ಪೈಪಿನ ಮೈಮೇಲಿನ ಅಕ್ಷರ ಓದಿ. ಐಎಸ್ (ಭಾರತೀಯ ಮಾನಕ) 13592 ಎಂದಿದ್ದರೆ ಅದು ಮಲ, ಬಚ್ಚಲು ನೀರಿನ ಪೈಪ್. ಅದರಲ್ಲೂ ಟೈಪ್ ಎ ಮಳೆನೀರಿಗೆ ಮತ್ತು ಗಾಳಿ ಕೊಳವೆಗೆ, ಟೈಪ್ ಬಿ ಸಂಡಾಸ, ಬಚ್ಚಲಿಗೆ. 110 ಮಿ.ಮೀ. ಅಳತೆಯಲ್ಲಿ ಎ ಗೋಡೆಯ ದಪ್ಪ ಕನಿಷ್ಠ 2.2 ಮಿ.ಮೀ., ಬಿ ಕನಿಷ್ಠ 3.2. ಹೊರಗಿನಿಂದ ಎರಡೂ ಒಂದೇ ಬೂದು ಬಣ್ಣ, ಒಂದೇ ಸುತ್ತಳತೆ. ತುದಿಗೆ ಕ್ಯಾಲಿಪರ್ ಹಿಡಿದರೆ ಗುಟ್ಟು ಹೊರಬೀಳುತ್ತದೆ. ಐಎಸ್ 4985 ಎಂದಿದ್ದರೆ ಅದು ಒತ್ತಡದ ನೀರಿನ ಪೈಪ್, ಈ ಕೆಲಸದ್ದಲ್ಲ. ಏನೂ ಅಕ್ಷರವಿಲ್ಲದ ಪೈಪನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಅಲ್ಲೇ ಬಿಟ್ಟು ಬನ್ನಿ. ಸುಪ್ರೀಂ, ಫಿನೋಲೆಕ್ಸ್, ಆಶೀರ್ವಾದ್, ಪ್ರಿನ್ಸ್, ಯಾವುದಾದರೂ ಸರಿ. ಆದರೆ ಪೈಪ್ ಒಂದು ಕಂಪನಿಯದು, ಟೀ-ಬೆಂಡ್ ಇನ್ನೊಂದರದ್ದು ಮಾಡಬೇಡಿ. ರಿಂಗ್ ಕೂರುವ ತೋಡು ಕೂದಲೆಳೆಯಷ್ಟು ಬೇರೆಯಾದರೂ ಸಂದು ಜಿನುಗುತ್ತದೆ.

ಅಂಟು ಹಚ್ಚುವ ಪೈಪ್ ಬಿಟ್ಟು ರಿಂಗ್‌ಫಿಟ್ ಯಾಕೆ? ಬಿಸಿಗೆ ಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಮಾಗಿಯ ಬೆಳಗಿನ ಚಳಿಗೂ ಮೇ ತಿಂಗಳ ಪಡುವಣ ಗೋಡೆಯ ಕಾವಿಗೂ 40 ಡಿಗ್ರಿ ಅಂತರ ಹಿಡಿಯಿರಿ, 3 ಮೀಟರ್ ಪೈಪ್ 8 ಮಿ.ಮೀ. ಉದ್ದವಾಗುತ್ತದೆ. ಮೇಲಿಂದ ಕೆಳಗಿನವರೆಗೆ ಅಂಟು ಹಾಕಿ ಬಿಗಿದರೆ ಆ 8 ಮಿ.ಮೀ.ಗೆ ಹೋಗಲು ಜಾಗವಿಲ್ಲ. ಟೀ ಅಥವಾ ಬೆಂಡಿನ ಕುತ್ತಿಗೆ ಬಿರಿಯುತ್ತದೆ. ರಿಂಗ್‌ಫಿಟ್‌ನಲ್ಲಿ ಪೈಪನ್ನು ಸಾಕೆಟ್ಟಿನೊಳಗೆ (ಇನ್ನೊಂದು ಪೈಪಿನ ಅಗಲ ಬಾಯೊಳಗೆ) ಪೂರ್ತಿ ತಳ್ಳಿ, ಪೆನ್ಸಿಲ್ ಗೆರೆ ಹಾಕಿ, 10 ಮಿ.ಮೀ. ಹಿಂದಕ್ಕೆ ಎಳೆದು ಬಿಡಬೇಕು. ಈ ಹತ್ತು ಮಿಲಿಮೀಟರನ್ನು ಮರೆಯುವ ಪ್ಲಂಬರರೇ ಹೆಚ್ಚು, ಮರೆತರೆ ರಿಂಗ್ ಇದ್ದೂ ಇಲ್ಲದಂತೆ.

ಕೊಯ್ದ ತುದಿಯನ್ನು ಅರದಿಂದ ಸುಮಾರು 15 ಡಿಗ್ರಿ ಓರೆಗೆ ಉಜ್ಜಿ. ಚೂಪು ಅಂಚು ರಿಂಗನ್ನು ತೋಡಿನಿಂದ ಎಬ್ಬಿಸಿ ಮಡಚಿಬಿಡುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಜಾರಲು ಕಂಪನಿಯ ಲೂಬ್ರಿಕಂಟ್, ಇಲ್ಲದಿದ್ದರೆ ಸಾಬೂನು ನೀರು. ಗ್ರೀಸು, ಗಾಡಿ ಎಣ್ಣೆ ಬೇಡ, ರಬ್ಬರ್ ಉಬ್ಬಿ ಕೆಡುತ್ತದೆ. ಸಾಕೆಟ್ ಬಾಯಿ ಯಾವಾಗಲೂ ಮೇಲ್ಮುಖ. ಸಾಕೆಟ್ ಇಲ್ಲದ ತುಂಡು ಉಳಿದರೆ ಅದನ್ನು ಬೆಂಕಿಗೆ ಹಿಡಿದು ಬಾಯಿ ಅಗಲಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಕಾಸಿದಲ್ಲಿ ಗೋಡೆ ತೆಳ್ಳಗಾಗಿ, ಮುಂದಿನ ಸೀಳು ಅಲ್ಲೇ ಬರುತ್ತದೆ. ಎರಡು ತುಂಡು ಜೋಡಿಸುವ ಕಪ್ಲರ್ ಕೊಂಡರೆ ಮುಗಿಯಿತು.

ತೇಪೆ ಹಚ್ಚಿ ಮುಗಿಸಬಹುದೇ? ಪಿವಿಸಿಯಲ್ಲಿ ಗೇಣುದ್ದದೊಳಗಿನ ಸೀಳಾದರೆ ಒಂದೆರಡು ವರ್ಷಕ್ಕೆ ಸಾಗುತ್ತದೆ. ಸೀಳಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಅದು ತೇಪೆಯ ಕೆಳಗೇ ಓಡುತ್ತದೆ. ಅದೇ ಅಳತೆಯ ಪೈಪಿನಿಂದ ಅರ್ಧ ಸುತ್ತಿಗಿಂತ ಸ್ವಲ್ಪ ಕಡಿಮೆ ಅಗಲದ, ಸೀಳಿಗಿಂತ ಎರಡೂ ಕಡೆ 50 ಮಿ.ಮೀ. ಉದ್ದದ ಚಿಪ್ಪು ಕತ್ತರಿಸಿ; ಎರಡೂ ಮೈ ಉಜ್ಜಿ, ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಅಂಟು) ಹಚ್ಚಿ, ಬೈಂಡಿಂಗ್ ತಂತಿಯಿಂದ ಬಿಗಿದು ಒಂದು ದಿನ ಸಂಡಾಸಕ್ಕೆ ಬೀಗ ಹಾಕಿ. ಇಲ್ಲಿ ಮಾತ್ರ ತೆಳ್ಳಗಿನ ಟೈಪ್ ಎ ಉಪಯೋಗಕ್ಕೆ ಬರುತ್ತದೆ, ಚೆನ್ನಾಗಿ ಬಾಗಿ ಕೂರುತ್ತದೆ. ಬೀಡಿಗೆ ಈ ಅಂಟು ಹಿಡಿಯುವುದೇ ಇಲ್ಲ, ಎಪಾಕ್ಸಿ ಪುಟ್ಟಿಯೇ ಬೇಕು. ಆದರೆ ಬೀಡು ತುಕ್ಕು ತಿನ್ನುವುದು ಗೋಡೆಯ ಕಡೆಯ ಬೆನ್ನಲ್ಲಿ. ಮುಂದೆ ಪುಟ್ಟಿ ಮೆತ್ತುವ ಮೊದಲು ಹಿಂದೆ ಒಂದು ಕನ್ನಡಿ ಹಿಡಿದು ನೋಡಿ. ಉದ್ದುದ್ದ ಗೆರೆ ಕಂಡರೆ ಪುಟ್ಟಿಯ ದುಡ್ಡು ಗಟಾರಕ್ಕೆ.

ಹಳೆಯದನ್ನು ಇಳಿಸುವುದು ಮೇಲಿನಿಂದ. 6 ಅಡಿಯ ಬೀಡಿನ ಪೈಪ್ ಇಪ್ಪತ್ತು ಕಿಲೋ ದಾಟುತ್ತದೆ. ಹಗ್ಗ ಕಟ್ಟಿ, ಇಬ್ಬರು ನಿಂತು, ಆಮೇಲೆ ಕೊಯ್ಯಿರಿ. ಸಂದಿನ ಸೀಸವನ್ನು ಬೆಂಕಿ ಹಚ್ಚಿ ಕರಗಿಸಬೇಡಿ, ಆ ಹೊಗೆ ವಿಷ. ಕೈಗೆ ಬಂದ ಬೀಡು ಗುಜರಿಗೆ ತೂಕಕ್ಕೆ ಹೋಗುತ್ತದೆ, ಅಷ್ಟರ ಮಟ್ಟಿಗೆ ಖರ್ಚು ಇಳಿಯಿತು. ಆಸ್ಬೆಸ್ಟಾಸ್ ಪೈಪಿಗೆ ಗ್ರೈಂಡರ್ ತಾಗಿಸಲೇಬೇಡಿ. ನೀರು ಹಾಕಿ ತೋಯಿಸಿ, ಮಾಸ್ಕ್ ಹಾಕಿ, ಒಡೆಯದೆ ಸಂದಿನಿಂದ ಸಂದಿಗೆ ಬಿಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಿ. ಅದರ ಧೂಳು ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಮೇಲಿನ ಅಂತಸ್ತಿನಲ್ಲಿ ಒಂದು ಸಂಡಾಸ, ಒಂದು ಬಚ್ಚಲು ಇರುವ ಮನೆಗೆ, ಮಾಳಿಗೆಯ ಮೇಲಿನ ಗಾಳಿ ಕೊಳವೆ ಸೇರಿ ಸುಮಾರು 8 ಮೀಟರ್ ಎತ್ತರಕ್ಕೆ: 3 ಮೀಟರಿನ ಸಾಕೆಟ್ ಪೈಪ್ ಮೂರು, ಡೋರ್ ಟೀ (ಕಟ್ಟಿಕೊಂಡಾಗ ಬಿಚ್ಚಿ ತೆಗೆಯಲು ಬಾಗಿಲಿರುವ ಟೀ) ಒಂದು, ಬಚ್ಚಲಿಗೆ 110-75 ರೆಡ್ಯೂಸರ್ ಟೀ ಒಂದು, 45 ಡಿಗ್ರಿ ಬೆಂಡ್ ಎರಡು, ಕೌಲ್ (ಗಾಳಿ ಕೊಳವೆಯ ತುದಿಯ ಟೋಪಿ) ಒಂದು, ಕ್ಲಾಂಪ್ ಆರು, ಮತ್ತೆ ಕೈಯಲ್ಲಿರಲಿ ಅಂತ ಎರಡು ರಿಂಗ್. ಬುಡದಲ್ಲಿ ಒಂದೇ 90 ಡಿಗ್ರಿ ಬೆಂಡಿಗಿಂತ ಎರಡು 45 ವಾಸಿ, ಮೇಲಿಂದ ಬಿದ್ದದ್ದು ಅಲ್ಲೇ ಬಡಿದು ಕೂರುವುದಿಲ್ಲ. ಡೋರ್ ಟೀಯ ಬಾಗಿಲು ಹೊರಮುಖವಾಗಿರಲಿ. ಗೋಡೆಮುಖ ಮಾಡಿ ಕೂರಿಸಿದ ಬಾಗಿಲುಗಳನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ಇಲ್ಲಿನ ಹಳೇ ಗೋಡೆ ಕರಿಕಲ್ಲು, ಮಣ್ಣಿನ ಸಂದು. ಸಂದಿಗೆ ರಾವಲ್ ಪ್ಲಗ್ ಹೊಡೆದರೆ ಒಂದು ಮಳೆಗಾಲಕ್ಕೇ ಸಡಿಲ. ಕಲ್ಲಿನ ಮೈಗೇ ಕೊರೆಯಿರಿ, ಡ್ರಿಲ್ಲಿನ ಹ್ಯಾಮರ್ ಹೊಡೆತ ಕಡಿಮೆ ಇಟ್ಟು. ಪೈಪಿಗೂ ಗೋಡೆಗೂ ಒಂದಿಂಚು ಅಂತರ ಬಿಡಿ. ಪ್ರತಿ ಪೈಪಿಗೆ ಎರಡು ಕ್ಲಾಂಪ್: ಸಾಕೆಟ್ಟಿನ ಕೆಳಗಿನದು ಬಿಗಿ, ಇನ್ನೊಂದು ಪೈಪ್ ಜಾರುವಷ್ಟು ಸಡಿಲ. ಎರಡನ್ನೂ ಬಿಗಿದರೆ ಆ ಹತ್ತು ಮಿ.ಮೀ. ಬಿಟ್ಟೂ ವ್ಯರ್ಥ.

ನಿಜವಾದ ತಕರಾರು ಬುಡದಲ್ಲಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಮನೆಯ ಪಾಯ ಒಂದು ರೀತಿ ಕದಲಿದರೆ ಚೇಂಬರ್ (ಪೈಪ್ ಹೋಗಿ ಸೇರುವ ಗುಂಡಿ) ಇನ್ನೊಂದು ರೀತಿ. ಬೆಂಡಿನ ಸುತ್ತ ಕಾಂಕ್ರೀಟ್ ಸುರಿದು ಭದ್ರ ಮಾಡಿದ್ದೇ ಎಷ್ಟೋ ಸಲ ಸೀಳಿಗೆ ಕಾರಣ. ಎರೆಯನ್ನು ಒಂದು ಅಡಿ ತೆಗೆದು ಗರಸು ತುಂಬಿ ತಟ್ಟಿ, ಅದರ ಮೇಲೆ ನಾಲ್ಕಿಂಚು ಮರಳಿನ ಹಾಸು. ಚೇಂಬರಿನವರೆಗೆ 40ಕ್ಕೆ 1 ಇಳಿಜಾರು, ಅಂದರೆ 3 ಮೀಟರಿಗೆ 75 ಮಿ.ಮೀ. ಗೋಡೆಗೂ ಚೇಂಬರಿಗೂ ನಡುವೆ ಕನಿಷ್ಠ ಒಂದು ರಿಂಗ್ ಸಂದು ಇರಲೇಬೇಕು, ಕದಲಿಕೆ ಅದರಲ್ಲಿ ಅಡಗುತ್ತದೆ. ಚೇಂಬರ್ ಗೋಡೆ ದಾಟುವಲ್ಲಿ ಪಿವಿಸಿಗೆ ಸಿಮೆಂಟ್ ಅಂಟುವುದಿಲ್ಲ. ಆ ಭಾಗಕ್ಕೆ ಸಾಲ್ವೆಂಟ್ ಸಿಮೆಂಟ್ ಬಳಿದು ಒಣ ಮರಳು ಉದುರಿಸಿ ಒರಟು ಮಾಡಿಕೊಳ್ಳಿ.

ಇನ್ನು ಆ ಒಂದು ಅಂಕ. ಬೇಗಂ ತಲಾಬ್ ಎಂಬ ಹಳೇ ಕೆರೆಯಿಂದ ಊರಿಗೆ ನೀರು ತಂದವರು ಮಣ್ಣಿನ ಕೊಳವೆಯನ್ನು ನೆಲದಡಿ ಗಾರೆಯಲ್ಲಿ ಹುದುಗಿಸಿದ್ದರು, ಅದಕ್ಕೆ ಬಿಸಿಲೇ ತಾಗಲಿಲ್ಲ. ಗೋಡೆಯ ಮೇಲಿನ ಪಿವಿಸಿಗೆ ಆ ಭಾಗ್ಯವಿಲ್ಲ. ವರ್ಷಗಳು ಕಳೆದಂತೆ ಮೈ ಸುಣ್ಣದಂತೆ ಬಿಳಿಚಿ ಪೆಡಸಾಗುತ್ತದೆ, ಏಣಿ ತಾಗಿದರೂ ಚೂರು ಹಾರುತ್ತದೆ. ಹೊಸದಿದ್ದಾಗಲೇ ನಯವಾದ ಉಪ್ಪುಕಾಗದ ಉಜ್ಜಿ ಬಿಳಿ ಎಮಲ್ಷನ್ ಎರಡು ಕೈ ಹೊಡೆಯಿರಿ. ಆಯಿಲ್ ಪೇಂಟ್ ಬೇಡ, ಅದರ ಥಿನ್ನರ್ ಪಿವಿಸಿಗೆ ಒಳ್ಳೆಯದಲ್ಲ. ಸಾಕೆಟ್ ಬಾಯಿಗೆ ಬಣ್ಣ ಇಳಿಯದಂತೆ ಟೇಪ್ ಸುತ್ತಿ.

ಪ್ಲಂಬರ್ ದುಡ್ಡು ಎಣಿಸಿಕೊಳ್ಳುವ ಮುಂಚೆ ಮೇಲಿನ ಸಂಡಾಸಕ್ಕೆ ನಾಲ್ಕು ಕೊಡ ನೀರು ಒಟ್ಟಿಗೆ ಸುರಿಸಿ, ಪ್ರತಿ ಸಂದಿಗೆ ಒಣ ಪೇಪರ್ ಸುತ್ತಿ ನೋಡಿ. ಒದ್ದೆಯಾದ ಸಂದಿಗೆ ಹೊರಗಿನಿಂದ ಪುಟ್ಟಿ ಮೆತ್ತಲು ಬಿಡಬೇಡಿ. ಬಿಚ್ಚಿಸಿ, ರಿಂಗ್ ಮಡಚಿದೆಯೇ ನೋಡಿ, ಮತ್ತೆ ಕೂರಿಸಲು ಹೇಳಿ.